ತೊಡೆಸಂದಿನ ನೋವಿಗೆ ಕೀಹೋಲ್ ಶಸ್ತ್ರಚಿಕಿತ್ಸೆ: ಕಾಫಿ ಕೊಯ್ಲಿಗೆ ಮೊದಲು ಮಾಡಿಸಿಕೊಳ್ಳಬಹುದೇ?

ಪ್ರಶ್ನೆ: ನಾಪೋಕ್ಲು ರೋಬಸ್ಟಾ

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ಕೊಡಗಿನ ನಾಪೋಕ್ಲು ಸಮೀಪ ಎಂಟು ಎಕರೆ ರೋಬಸ್ಟಾ ತೋಟವಿದೆ. ನೆರಳಿನ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಎರಡು ವರ್ಷಗಳಿಂದ ಎಡಗಾಲಿನ ತೊಡೆಸಂದಿನಲ್ಲಿ ನೋವಿದೆ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಅಷ್ಟಾಗಿ ತಿಳಿಯದ ಈ ನೋವು, ಜಗಲಿಯ ಮೆಟ್ಟಿಲ ಮೇಲೆ ಕುಳಿತು ಗಮ್‌ಬೂಟು ಎಳೆದುಕೊಳ್ಳುವಾಗ, ತೋಟದ ಏರು ಹತ್ತುವಾಗ ಮತ್ತು ಜೀಪಿನೊಳಗೆ ಕೂರುವಾಗ ಒಳಗೆ ಏನೋ ಸಿಕ್ಕಿಕೊಂಡಂತೆ ಚುಚ್ಚುತ್ತದೆ. ಈಗೀಗ ಸ್ಟೇರಿಂಗ್ ಹಿಂದೆ ಕುಳಿತುಕೊಳ್ಳಬೇಕಾದರೆ ಎಡ ತೊಡೆಯನ್ನು ಕೈಯಿಂದ ಎತ್ತಿ ಒಳಗಿಡುವುದು ಅಭ್ಯಾಸವೇ ಆಗಿಬಿಟ್ಟಿದೆ.

ಮೊದಲು ತೋರಿಸಿದ ಕಡೆ ನಾನು "ಸೊಂಟ ನೋವು" ಎಂದಿದ್ದೆ. ಅವರು ಬೆನ್ನಿನ ಎಕ್ಸ್-ರೇ ತೆಗೆಸಿ, ಬೆಲ್ಟ್ ಕಟ್ಟಿಸಿ, ಏಳು ತಿಂಗಳು ಮಾತ್ರೆ ನುಂಗಿಸಿದರು. ಕಕ್ಕಡ ತಿಂಗಳ 18ರ ಮದ್ದುಪಾಯಸದಿಂದ ಹಿಡಿದು ಎಣ್ಣೆ ತಿಕ್ಕಿಸುವವರೆಗೆ ಮನೆಯಲ್ಲಿ ಹೇಳಿದ್ದೆಲ್ಲವೂ ಆಯಿತು. ಕಳೆದ ತಿಂಗಳು ಮೈಸೂರಿನ ಮೂಳೆ ತಜ್ಞರೊಬ್ಬರು ನನ್ನನ್ನು ಅಂಗಾತ ಮಲಗಿಸಿ, ಎಡ ಮಂಡಿಯನ್ನು ಮಡಿಸಿ ಬಲ ಭುಜದ ಕಡೆಗೆ ಒತ್ತಿದಾಗ ಅದೇ ನೋವು ಅದೇ ಜಾಗದಲ್ಲಿ ಬಂತು. ಎಂಆರ್‌ಐ ವರದಿಯಲ್ಲಿ ಕ್ಯಾಮ್ ಮಾದರಿಯ ಇಂಪಿಂಜ್‌ಮೆಂಟ್ ಇದೆ, ಲ್ಯಾಬ್ರಮ್ ಹರಿದಿದೆ ಎಂದು ಬರೆದಿದ್ದಾರೆ. ಆರ್ಥ್ರೋಸ್ಕೋಪಿ, ಅಂದರೆ ಕೀಲಿನ ಕೀಹೋಲ್ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳಬಹುದು, ಎರಡು ಮೂರು ಸಣ್ಣ ರಂಧ್ರಗಳಷ್ಟೇ, ಮರುದಿನವೇ ಮನೆಗೆ ಹೋಗಬಹುದು ಎಂಬುದು ಅವರ ಸಲಹೆ.

ಕೈಲ್‌ಪೊಳ್ದು ಹಬ್ಬ ಮೊನ್ನೆಯಷ್ಟೇ ಮುಗಿದಿದೆ. ರೋಬಸ್ಟಾ ಕೊಯ್ಲು ಜನವರಿಯಲ್ಲಿ ಜೋರಾಗುತ್ತದೆ. ಈಗಲೇ ಮಾಡಿಸಿಕೊಂಡರೆ ಅಷ್ಟರೊಳಗೆ ಕಣದಲ್ಲಿ ನಿಂತು ಕೆಲಸ ನೋಡಿಕೊಳ್ಳುವಷ್ಟು ಚೇತರಿಸಿಕೊಳ್ಳುತ್ತೇನೆಯೇ? ಶಸ್ತ್ರಚಿಕಿತ್ಸೆಯಿಲ್ಲದೆ ಫಿಸಿಯೋಥೆರಪಿಯಿಂದ ಸರಿಹೋದವರು ಯಾರಾದರೂ ಇದ್ದಾರೆಯೇ? ಕುಟುಂಬದ ಹಾಕಿ ತಂಡದಲ್ಲಿ ಹದಿನೈದನೇ ವಯಸ್ಸಿನಿಂದ ಆಡಿದವನು ನಾನು; ಮತ್ತೆ ಸ್ಟಿಕ್ ಹಿಡಿಯುವ ಆಸೆಯೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಉತ್ತರ: ಮಡಿಕೇರಿ ಫಿಸಿಯೋ

ನಿಮ್ಮ ಏಳು ತಿಂಗಳು ವ್ಯರ್ಥವಾದುದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಹೊಣೆ ಎಂದು ನನಗನಿಸುತ್ತದೆ. ನಡು, ಕೆಳಬೆನ್ನು, ಹಿಂಬದಿಯ ಮೂಳೆ, ತೊಡೆ ಸೇರುವ ಕೀಲು, ಇವೆಲ್ಲಕ್ಕೂ ನಾವು "ಸೊಂಟ" ಎಂಬ ಒಂದೇ ಪದ ಬಳಸುತ್ತೇವೆ. ಕೇಳುವವರು ಬೆನ್ನನ್ನೇ ನೋಡುತ್ತಾರೆ. ಕೀಲಿನದೇ ನೋವಾಗಿದ್ದರೆ ಅದು ಸಾಮಾನ್ಯವಾಗಿ ಮುಂಭಾಗದ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಬಳಿ ಬರುವವರಿಗೆ ಬಾಯಿಂದ ಹೇಳಬೇಡಿ, ಕೈಯಿಂದ ತೋರಿಸಿ ಎನ್ನುತ್ತೇನೆ: ಹೆಬ್ಬೆರಳು ಹಿಂದಕ್ಕೆ, ಉಳಿದ ಬೆರಳುಗಳು ತೊಡೆಸಂದಿಗೆ ಬರುವಂತೆ ಪಕ್ಕೆಯ ಕೆಳಗೆ ಅಂಗೈಯಿಂದ ತಬ್ಬಿ ಹಿಡಿದು ತೋರಿಸಿದರೆ ಕೀಲನ್ನೇ ಸಂಶಯಿಸಬೇಕು.

ವರದಿಯಲ್ಲಿರುವುದನ್ನು ಬಿಡಿಸಿ ಹೇಳುತ್ತೇನೆ. ತೊಡೆಮೂಳೆಯ ತುದಿಯಲ್ಲಿ ಚೆಂಡಿನಂತಹ ತಲೆಯಿದೆ. ಅದು ಬಟ್ಟಲಿನಂತಹ ಗುಳಿಯಲ್ಲಿ ತಿರುಗುತ್ತದೆ. ಬಟ್ಟಲಿನ ಅಂಚಿಗೆ ಸುತ್ತಲೂ ಲ್ಯಾಬ್ರಮ್ ಎಂಬ ಮೆತ್ತನೆಯ ಉಂಗುರವಿದ್ದು, ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಕೀಲಿನೊಳಗಿನ ದ್ರವವನ್ನು ಹಿಡಿದಿಡುತ್ತದೆ. ಚೆಂಡು ಮತ್ತು ಅದರ ಕುತ್ತಿಗೆ ಸೇರುವಲ್ಲಿ ಮೂಳೆ ಉಬ್ಬಿಕೊಂಡಿದ್ದರೆ ಅದಕ್ಕೆ ಕ್ಯಾಮ್ ಎನ್ನುತ್ತಾರೆ. ಬಟ್ಟಲಿನ ಅಂಚೇ ಅಗತ್ಯಕ್ಕಿಂತ ಮುಂದೆ ಚಾಚಿದ್ದರೆ ಅದು ಪಿನ್ಸರ್. ಕಾಲನ್ನು ಆಳವಾಗಿ ಮಡಿಸಿದಾಗ ಆ ಉಬ್ಬು ಅಂಚಿಗೆ ಬಡಿದು ಲ್ಯಾಬ್ರಮ್ಮನ್ನೂ ಅದರ ಪಕ್ಕದ ಮೃದ್ವಸ್ಥಿಯನ್ನೂ ಸವೆಸುತ್ತದೆ; ಇಂಪಿಂಜ್‌ಮೆಂಟ್ ಎಂದರೆ ಇದೇ. ನಿಮ್ಮ ಗಮ್‌ಬೂಟು ಮತ್ತು ಜೀಪು ಮಾಡುತ್ತಿರುವುದು ಇದನ್ನೇ. ಹದಿಹರೆಯದಲ್ಲಿ, ಮೂಳೆಯ ಬೆಳವಣಿಗೆ ನಿಲ್ಲುವ ಮೊದಲೇ ಫುಟ್‌ಬಾಲ್, ಐಸ್ ಹಾಕಿಯಂತಹ ಆಟಗಳನ್ನು ತೀವ್ರವಾಗಿ ಆಡಿದವರಲ್ಲಿ ಈ ಉಬ್ಬು ಹೆಚ್ಚಾಗಿ ಕಂಡುಬಂದಿದೆ. ಸದಾ ಬಗ್ಗಿಯೇ ಓಡುವ ನಮ್ಮ ಹಾಕಿಗೂ ಈ ಮಾತು ಅನ್ವಯಿಸೀತು ಎಂಬುದು ನನ್ನ ಊಹೆ.

ಈ ಉಬ್ಬು ಮುಂದೆ ಕೀಲುಸವೆತಕ್ಕೆ ದಾರಿಯಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ವಿವರವಾಗಿ ಬರೆದರು. ಆಗ ಅವರು ಕೀಲನ್ನು ತೆರೆದು, ಚೆಂಡನ್ನು ಬಟ್ಟಲಿನಿಂದ ಹೊರತೆಗೆದು ಮೂಳೆಯನ್ನು ಸರಿಪಡಿಸುತ್ತಿದ್ದರು. ಅದೇ ಕೆಲಸವನ್ನು ಈಗ ಕ್ಯಾಮೆರಾ ಹಾಕಿ ರಂಧ್ರದ ಮೂಲಕ ಮಾಡುತ್ತಾರೆ. ಆದ್ದರಿಂದ ಸಣ್ಣದಾಗಿರುವುದು ಚರ್ಮದ ಮೇಲಿನ ಗಾಯ ಮಾತ್ರ. ಒಳಗೆ ಮೂಳೆ ಕೆರೆಯುತ್ತಾರೆ, ಹರಿದ ಲ್ಯಾಬ್ರಮ್ಮಿಗೆ ಆಂಕರ್ (ಮೂಳೆಯೊಳಗೆ ಕೂರಿಸುವ ಪುಟ್ಟ ಗೂಟ) ಹಾಕಿ ಹೊಲಿಗೆ ಹಾಕುತ್ತಾರೆ. ಅದು ಕೂಡಿಕೊಳ್ಳಲು ಬೇಕಾದ ಕಾಲ ರಂಧ್ರದ ಅಳತೆಯನ್ನು ನೋಡಿ ಕಡಿಮೆಯಾಗುವುದಿಲ್ಲ.

ಫಿಸಿಯೋಥೆರಪಿಯ ಪ್ರಶ್ನೆಗೆ ಬರುತ್ತೇನೆ. ನಾನು ಅದೇ ವೃತ್ತಿಯವನಾದ್ದರಿಂದ ನನ್ನ ಮಾತಿಗಿಂತ ಅಂಕಿಗಳನ್ನೇ ನೋಡಿ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ ಇಂತಹದೇ ತೊಂದರೆಯಿದ್ದ 348 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರ್ಥ್ರೋಸ್ಕೋಪಿ, ಇನ್ನೊಂದಕ್ಕೆ ಪ್ರತಿಯೊಬ್ಬರ ಸ್ಥಿತಿಗೆ ಹೊಂದಿಸಿದ ವ್ಯಾಯಾಮ ಚಿಕಿತ್ಸೆ ನೀಡಿ, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನೂರು ಅಂಕಗಳ ಅಳತೆಯಲ್ಲಿ ಒಂದು ವರ್ಷದ ನಂತರ ಎರಡೂ ಗುಂಪಿನವರು ಸುಧಾರಿಸಿದ್ದರು, ಶಸ್ತ್ರಚಿಕಿತ್ಸೆಯವರು 6.8 ಅಂಕ ಮುಂದಿದ್ದರು. ರೋಗಿಗೆ ಅನುಭವಕ್ಕೆ ಬರುವ ವ್ಯತ್ಯಾಸಕ್ಕೆ ಕನಿಷ್ಠ 6.1 ಅಂಕ ಬೇಕೆಂದು ಲೆಕ್ಕ. ಅಂದರೆ ಶಸ್ತ್ರಚಿಕಿತ್ಸೆಯ ಕೈ ಮೇಲಿರುವುದು ನಿಜ, ಆದರೆ ಸ್ವಲ್ಪವೇ ಮೇಲಿದೆ.

ಎಂಆರ್‌ಐನಲ್ಲಿ ಹರಿದಿದೆ ಎಂದ ಮಾತ್ರಕ್ಕೆ ನೋವು ಅದರಿಂದಲೇ ಎಂದು ತೀರ್ಮಾನಿಸುವಂತೆಯೂ ಇಲ್ಲ. ನೋವೇ ಇಲ್ಲದ 45 ಮಂದಿಯನ್ನು ಎಂಆರ್‌ಐಗೆ ಒಳಪಡಿಸಿದ 2012ರ ಅಧ್ಯಯನವೊಂದರಲ್ಲಿ ಶೇ. 69ರಷ್ಟು ಕೀಲುಗಳಲ್ಲಿ ಲ್ಯಾಬ್ರಮ್ ಹರಿದಿರುವುದು ಕಂಡಿತ್ತು. ಹಾಗಾಗಿ ನಿಮ್ಮ ವೈದ್ಯರನ್ನು ಮೂರು ಸಂಗತಿ ಕೇಳಿ. ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ಚೆಂಡಿಗೂ ಬಟ್ಟಲಿಗೂ ನಡುವಿನ ಅಂತರ ಎಷ್ಟು ಮಿಲಿಮೀಟರ್ ಉಳಿದಿದೆ, ಬಟ್ಟಲಿನ ಆಳ ಸಾಕಷ್ಟಿದೆಯೇ, ಮತ್ತು ಅಲ್ಟ್ರಾಸೌಂಡ್ ನೋಡಿಕೊಂಡು ಕೀಲಿನೊಳಗೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು ನೋಡಬಹುದೇ. ಅಂತರ 2 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಆರ್ಥ್ರೋಸ್ಕೋಪಿಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಬಟ್ಟಲು ಆಳವಿಲ್ಲದಿದ್ದರೆ ಕ್ಯಾಮೆರಾ ಚಿಕಿತ್ಸೆಯೊಂದೇ ಸಾಲದು. ಇಂಜೆಕ್ಷನ್ ಕೊಟ್ಟ ಕೆಲವು ಗಂಟೆ ನೋವು ಮಾಯವಾದರೆ, ಅದರ ಮೂಲ ಕೀಲಿನೊಳಗೇ ಇದೆ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಂತೆ.

ಉತ್ತರ: ವಿರಾಜಪೇಟೆ ಹಾಫ್‌ಬ್ಯಾಕ್

ಅಣ್ಣ, ನಾನು ಮಾಡಿಸಿಕೊಂಡವನು. ಮೂರು ವರ್ಷಗಳ ಹಿಂದೆ, 29ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ, ಬಲಗಾಲಿಗೆ. ಅದಕ್ಕೆ ಮೊದಲು ನಾಲ್ಕು ತಿಂಗಳು ವ್ಯಾಯಾಮ ಮಾಡಿದ್ದೆ. ನೋವು ಅರ್ಧಕ್ಕೆ ಇಳಿದು ಅಲ್ಲೇ ನಿಂತಿತ್ತು.

ಮಂಡಿಯ ಆರ್ಥ್ರೋಸ್ಕೋಪಿ ಮಾಡಿಸಿಕೊಂಡ ಗೆಳೆಯರು "ಏನೂ ಇಲ್ಲ, ವಾರದಲ್ಲಿ ನಡೆಯುತ್ತೀಯ" ಎಂದು ಧೈರ್ಯ ಹೇಳಿದ್ದರು. ತೊಡೆಕೀಲು ಮಂಡಿಯಂತಲ್ಲ. ಅದು ದಪ್ಪ ಮಾಂಸದ ಆಳದಲ್ಲಿ, ಬಿಗಿಯಾಗಿ ಕೂತಿರುವ ಕೀಲು. 1931ರಲ್ಲಿ ನ್ಯೂಯಾರ್ಕಿನ ಮೈಕಲ್ ಬರ್ಮನ್ ಎಂಬ ವೈದ್ಯರು ಶವಗಳ ಕೀಲುಗಳೊಳಗೆ ದರ್ಶಕ ನಳಿಕೆ ಹಾಕಿ ನೋಡಿದಾಗ, ಇದರೊಳಗಿನ ಬಟ್ಟಲಿನ ಭಾಗವನ್ನು ಕಾಣಲಾಗದು ಎಂದುಕೊಂಡಿದ್ದರಂತೆ. ಈಗ ಅದನ್ನು ಕಾಣುವುದು ಕಾಲನ್ನು ಎಳೆದು. ಅರಿವಳಿಕೆ ಕೊಟ್ಟ ಮೇಲೆ ಎರಡೂ ಪಾದಗಳನ್ನು ಮೆತ್ತೆಯಿರುವ ಬೂಟಿನಂತಹ ಹಿಡಿಕೆಗೆ ಕಟ್ಟಿ, ತೊಡೆಗಳ ನಡುವೆ ದಪ್ಪ ದಿಂಬಿನ ಕಂಬ ಇಟ್ಟು, ಚೆಂಡು ಬಟ್ಟಲಿನಿಂದ ಸುಮಾರು ಒಂದು ಸೆಂಟಿಮೀಟರ್ ದೂರವಾಗುವಷ್ಟು ಎಳೆಯುತ್ತಾರೆ. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದಲ್ಲಿ ನೋಡಿಕೊಂಡು ರಂಧ್ರ ಮಾಡುತ್ತಾರೆ. ಎಳೆತದ ಅವಧಿ ಎರಡು ಗಂಟೆ ಮೀರದಂತೆ ನೋಡಿಕೊಳ್ಳುತ್ತೇವೆ ಎಂದು ನನಗೆ ಮೊದಲೇ ವಿವರಿಸಿದ್ದರು; ನರಗಳಿಗೆ ತೊಂದರೆಯಾಗುವುದು ಹೆಚ್ಚಾಗಿ ಆ ಎಳೆತದಿಂದ.

ಎಚ್ಚರವಾದಾಗ ಕೀಲಿಗಿಂತ ಪಾದ ಮತ್ತು ಹಿಮ್ಮಡಿಯೇ ಹೆಚ್ಚು ನೋಯುತ್ತಿತ್ತು. ಕಂಬ ಒತ್ತಿದ ಜಾಗದಲ್ಲಿ ಮೂರು ದಿನ ಮರಗಟ್ಟಿತ್ತು, ಮೂತ್ರ ಹೋಗುವಾಗ ವಿಚಿತ್ರವೆನಿಸುತ್ತಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತೊಡೆಯ ಹೊರಬದಿಯಲ್ಲಿ ಅಂಗೈಯಗಲದ ಜೋಮು ಎರಡು ತಿಂಗಳಿತ್ತು. ರಂಧ್ರಗಳ ಗುರುತು ಇಂದು ಜಿಗಣೆ ಕಚ್ಚಿದ ಕಲೆಗಿಂತ ತುಸು ದೊಡ್ಡದಷ್ಟೇ.

ಮರುದಿನ ಬಿಟ್ಟರು, ನಿಜ. ಆದರೆ ಮನೆಗೆ ಕಳಿಸಿದರು ಎಂಬುದೂ ಗುಣವಾಯಿತು ಎಂಬುದೂ ಬೇರೆಬೇರೆ. ನಾಲ್ಕು ವಾರ ಎರಡು ಊರುಗೋಲು. ಆ ಕಾಲಿನ ಮೇಲೆ 20 ಕಿಲೋಗಿಂತ ಹೆಚ್ಚು ಭಾರ ಹಾಕಬಾರದು ಎಂದರು. ಇಪ್ಪತ್ತು ಕಿಲೋ ಎಂದರೆ ಎಷ್ಟೆಂದು ಕಾಲಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಕಾಫಿ ಚೀಲ ತೂಗುವ ಯಂತ್ರವನ್ನು ಗೋದಾಮಿನಿಂದ ಜಗಲಿಗೆ ತರಿಸಿ, ಅದರ ಮೇಲೆ ನನ್ನ ಬಲಗಾಲು ಇಡಿಸಿ, ಮುಳ್ಳು ಇಪ್ಪತ್ತಕ್ಕೆ ಬಂದ ಕೂಡಲೇ "ಸಾಕು" ಎನ್ನುತ್ತಿದ್ದರು. ಮೂರು ದಿನದಲ್ಲಿ ಕಾಲಿಗೆ ಅಳತೆ ಸಿಕ್ಕಿತು. ನಾನು ಮಾಡಿದ ತಪ್ಪೆಂದರೆ ಜುಲೈಯಲ್ಲಿ ಮಾಡಿಸಿಕೊಂಡದ್ದು. ಅಂಗಳದ ತುಂಬ ಪಾಚಿ. ಊರುಗೋಲಿನ ರಬ್ಬರು ಒಮ್ಮೆ ಜಾರಿ, ತುಳಸಿಕಟ್ಟೆಯನ್ನು ಹಿಡಿದು ಬಚಾವಾದೆ. ಶೌಚಾಲಯಕ್ಕೆ ಕಮೋಡ್ ಬೇಕೇ ಬೇಕು. ನಮ್ಮಲ್ಲಿ ಪ್ಲಾಸ್ಟಿಕ್ ಕುರ್ಚಿ ಮಾದರಿಯದನ್ನು ತಂದು ಕಾಲ ಕಳೆದೆವು.

ಏಳನೇ ವಾರ ಉತ್ಸಾಹದಲ್ಲಿ ಮಲಗಿಕೊಂಡು ನೇರ ಕಾಲೆತ್ತುವ ವ್ಯಾಯಾಮ ಶುರುಮಾಡಿ ತೊಡೆಯ ಮುಂಭಾಗದ ಸ್ನಾಯುರಜ್ಜು ಊದಿಸಿಕೊಂಡೆ. ಅದರಿಂದ ಒಂದು ತಿಂಗಳು ಹಿಂದಕ್ಕೆ ಬಿದ್ದೆ. ಐದನೇ ತಿಂಗಳಲ್ಲಿ ಓಡಿದೆ, ಎಂಟನೇ ತಿಂಗಳಲ್ಲಿ ಆಡಿದೆ. ಈಗ ಪೂರ್ತಿ ಆಟ ಆಡುತ್ತೇನೆ, ಆದರೆ ಕೆಳಗೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ಇಂದಿಗೂ ಬಲಗಾಲನ್ನು ಚಾಚಲೇಬೇಕು. ನಿಮ್ಮ ಲೆಕ್ಕಕ್ಕೆ ಬರುವುದಾದರೆ, ಸೆಪ್ಟೆಂಬರ್ ಕೊನೆಯಲ್ಲಿ ಮಾಡಿಸಿಕೊಂಡು ಜನವರಿಯಲ್ಲಿ ಕಣದಲ್ಲಿ ಕುರ್ಚಿ ಹಾಕಿ ಕೂರಬಹುದು. ಇಳಿಜಾರಿನಲ್ಲಿ ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯುವುದು, ಚೀಲಕ್ಕೆ ಕೈ ಹಾಕುವುದು ಬೇಡ. ಕೊಯ್ಲಿನ ಸಮಯದಲ್ಲಿ ಸುಮ್ಮನೆ ಕುಳಿತಿರುವ ಬೆಳೆಗಾರನನ್ನು ನಾನಂತೂ ಕಂಡಿಲ್ಲ.

ಉತ್ತರ: ಸೋಮವಾರಪೇಟೆಯ ಮಗಳು

ಇದನ್ನು ಓದುತ್ತಿರುವ ಹಿರಿಯರಿಗಾಗಿ ಒಂದು ವಿಷಯ ಸೇರಿಸಬೇಕೆನಿಸಿತು. ನಮ್ಮ ತಂದೆಗೆ 63 ವರ್ಷ. ನೋವಿನ ಜಾಗ ನಿಮ್ಮದೇ. ಒಂದು ಕಡೆ ಅವರಿಗೂ "ಕೀಹೋಲ್‌ನಲ್ಲಿ ಕ್ಲೀನ್ ಮಾಡೋಣ" ಎಂದಿದ್ದರು. ರಂಧ್ರ ಎಂದ ಕೂಡಲೇ ಅಪ್ಪ ಒಪ್ಪಿಯೇಬಿಟ್ಟಿದ್ದರು; ಕೊಯ್ದು ಮಾಡುವ ಚಿಕಿತ್ಸೆಯೆಂದರೆ ಅವರಿಗೆ ಅಷ್ಟು ಭಯ. ಮೈಸೂರಿನಲ್ಲಿ ಎರಡನೇ ಅಭಿಪ್ರಾಯ ಕೇಳಿದಾಗ ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಬಲಬದಿಯಲ್ಲಿ ಚೆಂಡು ಮತ್ತು ಬಟ್ಟಲಿನ ನಡುವೆ ಕಪ್ಪು ಗೆರೆ ಕಾಣುತ್ತಿದೆ, ಎಡಬದಿಯಲ್ಲಿ ಆ ಗೆರೆಯೇ ಇಲ್ಲ ನೋಡಿ ಎಂದು ಬೆರಳಿಟ್ಟು ತೋರಿಸಿದರು. ಮೃದ್ವಸ್ಥಿ ಸವೆದುಹೋಗಿ ಮೂಳೆಗೆ ಮೂಳೆ ತಾಗುತ್ತಿತ್ತು. ಅಲ್ಲಿ ತೊಳೆಯುವುದಕ್ಕೆ ಏನೂ ಉಳಿದಿರಲಿಲ್ಲ. ಕೀಲು ಬದಲಿಸಿದರು.

ಆ ಬದಲಿ ಶಸ್ತ್ರಚಿಕಿತ್ಸೆಯಲ್ಲೂ "ಮಿನಿಮಲಿ ಇನ್‌ವೇಸಿವ್" ಎಂಬ ಮಾತು ಬರುತ್ತದೆ. ತೊಡೆಯ ಮುಂಭಾಗದಿಂದ, ಸ್ನಾಯುಗಳನ್ನು ಕತ್ತರಿಸದೆ ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗುವ ವಿಧಾನ ಅದು. ಅಪ್ಪನಿಗೆ ಸುಮಾರು ನಾಲ್ಕು ಅಂಗುಲದ ಗಾಯವಾಗಿತ್ತು. ಅಂದು ಸಂಜೆಯೇ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಸಿದರು. ನಮ್ಮ ಪಕ್ಕದ ಲೈನ್ ಮನೆಯ ಹಿರಿಯರೊಬ್ಬರಿಗೆ ಮರು ತಿಂಗಳು ಹಿಂಬದಿಯಿಂದ, ಎಂದಿನ ವಿಧಾನದಲ್ಲಿ ಮಾಡಿದರು. ಮೊದಲ ಆರು ವಾರ ಅಪ್ಪ ಮುಂದಿದ್ದರು. ಹಬ್ಬದ ಹೊತ್ತಿಗೆ ಇಬ್ಬರೂ ಒಂದೇ ರೀತಿ ನಡೆಯುತ್ತಿದ್ದರು. ಎರಡನ್ನೂ ಹೋಲಿಸಿದ ಅಧ್ಯಯನಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ: ಮುಂಭಾಗದ ವಿಧಾನದ ಅನುಕೂಲ ಆರಂಭದ ವಾರಗಳಲ್ಲಿ ಕಾಣುತ್ತದೆ, ವರ್ಷ ಕಳೆದ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಯಾವ ವಿಧಾನ ಎಂದು ಪಟ್ಟು ಹಿಡಿಯುವುದಕ್ಕಿಂತ, ಈ ವೈದ್ಯರಿಗೆ ಯಾವುದರಲ್ಲಿ ಕೈ ಪಳಗಿದೆ, ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಕೇಳುವುದು ಮೇಲು. ಕೇಳಿದರೆ ಬೇಸರಿಸಿಕೊಳ್ಳುವವರು ಬೇಡ.

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯವನ್ನು ದಾಖಲಾಗುವ ಮೊದಲೇ ವಿಚಾರಿಸಿ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಬರಹದಲ್ಲಿ ಪಡೆಯಿರಿ.

ಉತ್ತರ: ಕುಶಾಲನಗರ 41

ತೊಡೆಸಂದಿನ ನೋವಿಗೆ ಇನ್ನೊಂದು ಕಾರಣವಿದೆ, ಅದರಲ್ಲಿ ಕಾಯುವಂತಿಲ್ಲ. ಚೆಂಡಿಗೆ ರಕ್ತ ಸಿಗದೆ ಮೂಳೆ ಸಾಯುವ ಎವಿಎನ್ ಎಂಬ ಕಾಯಿಲೆ ಅದು. ಸ್ಟೀರಾಯ್ಡ್ ಹೆಚ್ಚು ಪಡೆದವರಲ್ಲಿ, ಮದ್ಯ ಹೆಚ್ಚಾಗಿ ಸೇವಿಸುವವರಲ್ಲಿ ಸಾಮಾನ್ಯ. ನನಗೆ 2021ರಲ್ಲಿ ಕೊರೊನಾ ತೀವ್ರವಾಗಿ ಸ್ಟೀರಾಯ್ಡ್ ಕೊಟ್ಟಿದ್ದರು. ಮರುವರ್ಷ ನೋವು ಶುರುವಾದಾಗ ಎಕ್ಸ್-ರೇ ಸಹಜವಾಗಿತ್ತು. ಎಂಆರ್‌ಐನಲ್ಲಿ ಎರಡೂ ಕಡೆ ಕಂಡಿತು. ಚೆಂಡು ಇನ್ನೂ ಕುಸಿಯದಿದ್ದ ಬಲಬದಿಗೆ ಸಣ್ಣ ಗಾಯದ ಮೂಲಕ ಮೂಳೆಯಲ್ಲಿ ತೂತು ಕೊರೆದು ಒತ್ತಡ ಇಳಿಸುವ ಕೋರ್ ಡಿಕಂಪ್ರೆಷನ್ ಮಾಡಿದರು, ಅದು ಇಂದಿಗೂ ಉಳಿದಿದೆ. ಎಡಬದಿ ಆಗಲೇ ಕುಸಿದಿತ್ತು, ಅದನ್ನು ಬದಲಿಸಬೇಕಾಯಿತು. ನಿಮ್ಮ ಎಂಆರ್‌ಐನಲ್ಲಿ ಇದಿಲ್ಲವೆಂದು ಬರೆದಿದ್ದರೆ ನಿಶ್ಚಿಂತರಾಗಿರಿ. ಬರೀ ಎಕ್ಸ್-ರೇ ನೋಡಿ ಸುಮ್ಮನಾದವರು ಯಾರಾದರೂ ಇಲ್ಲಿದ್ದರೆ ಇದನ್ನು ಗಮನಿಸಿ.

ಪ್ರಶ್ನೆ ಕೇಳಿದವರಿಂದ: ನಾಪೋಕ್ಲು ರೋಬಸ್ಟಾ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮತ್ತೆ ಮೈಸೂರಿಗೆ ಹೋಗಿ ಬಂದೆ. ವೈದ್ಯರು ಪ್ರಶ್ನೆಗಳಿಗೆ ಬೇಸರಿಸಲಿಲ್ಲ. ಅಂತರ 4 ಮಿಲಿಮೀಟರ್ ಇದೆ, ಬಟ್ಟಲಿನ ಆಳ ಸರಿಯಿದೆ, ಎವಿಎನ್ ಇಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಪಾರ್ಕಿಂಗಿನಲ್ಲಿ ನಿಂತಿದ್ದ ಜೀಪಿಗೆ ಕೈ ಹಚ್ಚದೆ ಕಾಲೆತ್ತಿ ಹತ್ತಿದೆ. ಎರಡು ವರ್ಷಗಳಲ್ಲಿ ಮೊದಲ ಸಲ. ಮನೆಯವರು ನೋಡುತ್ತಿದ್ದಾರೆಂದು ಇಳಿದು ಇನ್ನೊಮ್ಮೆ ಹತ್ತಿದೆ. ಹುಣಸೂರು ದಾಟುವಷ್ಟರಲ್ಲಿ ನೋವು ಮರಳಿತು, ಆದರೆ ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಯಿತು.

ಈ ವರ್ಷದ ಕೊಯ್ಲಿಗೆ ಮೊದಲು ಶಸ್ತ್ರಚಿಕಿತ್ಸೆ ಬೇಡ ಎಂದು ತೀರ್ಮಾನಿಸಿದ್ದೇನೆ. ಸುಗ್ಗಿ ಹಬ್ಬ ಪುತ್ತರಿಯವರೆಗೆ ಹನ್ನೆರಡು ವಾರ ಕ್ರಮವಾಗಿ ಫಿಸಿಯೋಥೆರಪಿ. ಸಾಲದಿದ್ದರೆ, ಕೊಯ್ಲು ಮುಗಿದು ಹೂಮಳೆಯ ಕೆಲಸಗಳೂ ಒಂದು ಹದಕ್ಕೆ ಬಂದ ಮೇಲೆ ಮಾರ್ಚ್ ಕೊನೆಯಲ್ಲಿ ಮಾಡಿಸಿಕೊಂಡರೆ, ಏಪ್ರಿಲ್, ಮೇ ಒಣ ನೆಲದಲ್ಲಿ ಊರುಗೋಲು ಹಿಡಿಯಬಹುದು. ಮುಂಗಾರು ಹಿಡಿಯುವ ವೇಳೆಗೆ ಅವನ್ನು ಬಿಟ್ಟಿರುತ್ತೇನೆ. ಆ ತಿಂಗಳುಗಳಲ್ಲೇ ಕೊಡವ ಕುಟುಂಬಗಳ ಹಾಕಿ ಉತ್ಸವ ಬರುತ್ತದೆ ಎಂಬುದೊಂದೇ ಹೊಟ್ಟೆಯುರಿ. 1997ರಲ್ಲಿ ಕರಡದಲ್ಲಿ ಅದು ಮೊದಲು ನಡೆದಾಗ ಚಿಕ್ಕ ಹುಡುಗನಾಗಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೆ. ಈ ಸಲ ಕುರ್ಚಿಯಲ್ಲಿ ಕುಳಿತು ನೋಡಬೇಕಾಗಬಹುದು. ಮಡಿಕೇರಿಯವರೇ, ಅಲ್ಲಿಯವರೆಗೆ ತೋಟದ ಕೆಲಸದಲ್ಲಿ ಏನನ್ನು ಬಿಡಬೇಕು?

ಉತ್ತರ: ಮಡಿಕೇರಿ ಫಿಸಿಯೋ

ಕೆಲಸ ಬಿಡುವುದಕ್ಕಿಂತ ಮಡಿಸುವ ಕೋನವನ್ನು ಬಿಡಿ. ಮೆಟ್ಟಿಲಲ್ಲಿ ಕುಳಿತು ಬೂಟು ಹಾಕಬೇಡಿ. ಎತ್ತರದ ಸ್ಟೂಲಿನಲ್ಲಿ ಕುಳಿತು ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಹಾಕಿ. ಜೀಪಿನ ಸೀಟಿಗೆ ಹಿಂಬದಿ ಎತ್ತರವಾಗುವಂತೆ ದಿಂಬು ಇಡಿ. ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವುದು, ಮೆಣಸಿನ ಏಣಿ ಹತ್ತುವುದು ಈ ವರ್ಷ ಬೇರೆಯವರಿಗಿರಲಿ. ಏರು ಹತ್ತುವಾಗ ನೇರವಾಗಿ ಹೋಗದೆ ಓರೆಯಾಗಿ, ಸಣ್ಣ ಹೆಜ್ಜೆಯಲ್ಲಿ ಹತ್ತಿ. ಮೊದಲ ಭೇಟಿಗೆ ಬರುವಾಗ ಎಂಆರ್‌ಐ ವರದಿಯ ಕಾಗದ ಮಾತ್ರವಲ್ಲ, ಸಿಡಿಯನ್ನೂ ತನ್ನಿ. ಜೀಪು ಹತ್ತುವಾಗಿನ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಇಂದಿನಿಂದಲೇ ದಿನವೂ ಬರೆದಿಡಿ. ಆರನೇ ವಾರ ಅದನ್ನು ನೋಡಿ ಮುಂದಿನದನ್ನು ಮಾತಾಡೋಣ.